ಕಟಿಂಗ್ ಪ್ಲೇಯರ್ ಪಕ್ಕಕ್ಕಿಡಿ: ಶಾಲೆ ಬ್ಯಾಂಡಿನ ಹಿತ್ತಾಳೆ ವಾದ್ಯಗಳ ರಿಪೇರಿ

ಜನವರಿ ಎರಡನೇ ವಾರ ಬಂತು ಅಂದರೆ ನಮ್ಮ ಶಾಲೆಯಲ್ಲಿ ಪಿ.ಟಿ. ರೂಮಿನ ಬೀರು ತೆರೆಯುತ್ತದೆ. ಆಗಸ್ಟ್ 15ಕ್ಕೆ ಊದಿ, ಬೆವರಿನ ಕೈಯಲ್ಲೇ ಒಳಗೆ ತಳ್ಳಿದ ಟ್ರಂಪೆಟ್‌ಗಳು ಐದು ತಿಂಗಳು ಅಲ್ಲೇ ಮಲಗಿರುತ್ತವೆ. ಹೊರಗೆ ತೆಗೆದ ಕೂಡಲೇ ಮಕ್ಕಳ ದೂರು ಶುರು. "ಸಾರ್, ಇದು ಕೆಟ್ಟೋಗಿದೆ." "ಸಾರ್, ಬಟನ್ ಒತ್ತೋಕೆ ಆಗ್ತಿಲ್ಲ." "ಸಾರ್, ಊದಿದ್ರೆ ಬರೀ ಗಾಳಿ."

ಹನ್ನೊಂದು ವರ್ಷದಿಂದ ಆ ಬೀರುವಿನ ಬೀಗದ ಕೈ ನನ್ನ ಹತ್ತಿರ ಇದೆ. ಕಳೆದ ವರ್ಷದ ಲೆಕ್ಕ ಹೇಳುತ್ತೇನೆ ಕೇಳಿ. ಎಂಟು ಟ್ರಂಪೆಟ್‌ಗಳಲ್ಲಿ ಐದು ಕೆಟ್ಟಿವೆ ಅಂದರು. ಮೂರಕ್ಕೆ ಬೇಕಿದ್ದದ್ದು ಸ್ನಾನ ಮತ್ತು ನಾಲ್ಕು ಹನಿ ಎಣ್ಣೆ. ಒಂದರ ಮೌತ್‌ಪೀಸ್ (ತುಟಿ ಇಟ್ಟು ಊದುವ ತುಂಡು) ಕಚ್ಚಿಕೊಂಡಿತ್ತು. ನಿಜವಾಗಿ ಪೆಟ್ಟು ತಿಂದಿದ್ದು ಒಂದೇ. ಆ ಪೆಟ್ಟಿನಲ್ಲೂ ಅರ್ಧ ನಾನೇ ಕೊಟ್ಟಿದ್ದು, ಹಳೆಯ ವರ್ಷದ್ದು. ಆ ಕಥೆ ಮುಂದೆ ಬರುತ್ತದೆ.

ಶಾಲೆಯ ವಾದ್ಯಗಳು ಬಿದ್ದು ಹಾಳಾಗುವುದಕ್ಕಿಂತ ಜಾಸ್ತಿ ರಿಪೇರಿ ಮಾಡಲು ಹೋಗಿ ಹಾಳಾಗುತ್ತವೆ. ಅದಕ್ಕೇ ಈ ಲೇಖನದಲ್ಲಿ ಏನು ಮಾಡಬೇಕು ಅನ್ನುವಷ್ಟೇ ಎಲ್ಲಿ ನಿಲ್ಲಿಸಬೇಕು ಅನ್ನುವುದೂ ಇದೆ. ಟ್ರಂಪೆಟ್ಟನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ. ಬ್ಯೂಗಲ್‌ಗೂ, ಯೂಫೋನಿಯಂ, ಸೂಸಾಫೋನ್‌ನಂಥ ದೊಡ್ಡ ಹಿತ್ತಾಳೆ ವಾದ್ಯಗಳಿಗೂ ಮುಕ್ಕಾಲು ಪಾಲು ಇದೇ ಅನ್ವಯ.

ಮೊದಲು ಕಣ್ಣು, ಆಮೇಲೆ ಕೈ

ಹಳೆಯ ಬೆಡ್‌ಶೀಟ್ ಹಾಸಿ ಎಲ್ಲವನ್ನೂ ಸಾಲಾಗಿ ಇಡಿ. ಟ್ರಂಪೆಟ್ ಮಲಗಿಸುವಾಗ ನಡುವಿನ ವಾಲ್ವಿನಿಂದ (ಬಟನ್ ಒತ್ತಿದರೆ ಗಾಳಿಯ ದಾರಿ ಬದಲಿಸುವ ಭಾಗ) ಪಕ್ಕಕ್ಕೆ ಚಾಚಿರುವ ಪುಟ್ಟ ಸ್ಲೈಡ್ (ಎಳೆದು ತೆಗೆಯಬಹುದಾದ ಬಾಗಿದ ಕೊಳವೆ) ಮೇಲಕ್ಕೆ ಬರಬೇಕು. ಅದು ಕೆಳಗಾದರೆ ವಾದ್ಯದ ಭಾರ ಪೂರ್ತಿ ಅದರ ಮೇಲೆ ಬೀಳುತ್ತದೆ. ಅದು ಬೆಸೆದುಕೊಂಡಿರುವುದು ಎರಡನೇ ವಾಲ್ವಿನ ಕೊಳವೆಗೆ. ಆ ಸ್ಲೈಡಿಗೆ ಒಂದು ಪೆಟ್ಟು ಬಿದ್ದರೆ ಒಳಗಿನ ಕೊಳವೆ ಕಣ್ಣಿಗೆ ಕಾಣದಷ್ಟು ಒತ್ತಿಕೊಳ್ಳುತ್ತದೆ, ಅದರೊಳಗೆ ಮೇಲೆ ಕೆಳಗೆ ಓಡುವ ಪಿಸ್ಟನ್ ಅಲ್ಲೇ ಸಿಕ್ಕಿಬೀಳುತ್ತದೆ. ನಡುವಿನ ಬಟನ್ ಮಾತ್ರ ಮೇಲೆ ಬರ್ತಿಲ್ಲ ಅಂತ ಮಕ್ಕಳು ಹೇಳಿದರೆ ಮೊದಲು ಈ ಸ್ಲೈಡ್ ಸೊಟ್ಟ ಆಗಿದೆಯಾ ನೋಡಿ.

ಪ್ರತಿ ವಾದ್ಯಕ್ಕೂ ಒಂದು ನಂಬರ್ ಚೀಟಿ ಕಟ್ಟಿ, ಮೊಬೈಲ್‌ನಲ್ಲಿ ನಾಲ್ಕು ಕಡೆಯಿಂದ ಫೋಟೋ ತೆಗೆಯಿರಿ. ಬಿಚ್ಚಿದ್ದನ್ನು ವಾಪಸ್ ಜೋಡಿಸುವಾಗ ಈ ಫೋಟೋ ದೇವರಿದ್ದ ಹಾಗೆ.

ಈಗ ಒಂದೊಂದನ್ನೇ ಊದಿ. ಗಾಳಿ ಒಂದಿಷ್ಟೂ ಒಳಗೆ ಹೋಗುತ್ತಿಲ್ಲವಾ? ಹಾಗಿದ್ದರೆ ಪಿಸ್ಟನ್‌ಗಳು ಅದಲು ಬದಲಾಗಿವೆ, ಅಥವಾ ತಿರುಗಿ ಕೂತಿವೆ, ಅಥವಾ ಒಳಗೆ ಏನೋ ಸಿಕ್ಕಿಕೊಂಡಿದೆ. ನನಗೆ ಸೀಮೆಸುಣ್ಣ, ಪೆನ್ನಿನ ಕ್ಯಾಪ್, ಒಂದು ಸಲ ಕಡಲೆಮಿಠಾಯಿ ಕಾಗದ ಸಿಕ್ಕಿದೆ. ಗಾಳಿ ಹೋಗುತ್ತದೆ, ಸ್ವರ ಮಾತ್ರ ಉಸುಕುಸು ಅನ್ನುತ್ತದೆಯಾ? ಹಾಗಾದರೆ ಎಲ್ಲೋ ಸೋರುತ್ತಿದೆ.

ಸೋರಿಕೆ ಹುಡುಕುವುದಕ್ಕೆ ಪಂಕ್ಚರ್ ಅಂಗಡಿಯ ವಿದ್ಯೆಯೇ ಸಾಕು. ಬೆಲ್‌ನ (ವಾದ್ಯದ ಅಗಲ ಬಾಯಿಯ) ಒಳಕ್ಕೆ ಒಂದು ರಬ್ಬರ್ ಚೆಂಡು ಒತ್ತಿ ಮುಚ್ಚಿ. ಮೌತ್‌ಪೀಸ್ ಜಾಗಕ್ಕೆ ರಬ್ಬರ್ ಪೈಪ್ ಸಿಕ್ಕಿಸಿ. ವಾದ್ಯವನ್ನು ದೊಡ್ಡ ಟಬ್‌ನ ನೀರಿನಲ್ಲಿ ಮುಳುಗಿಸಿ ಮೆತ್ತಗೆ ಊದಿ. ಗುಳ್ಳೆ ಎಲ್ಲಿಂದ ಏಳುತ್ತದೋ ಅಲ್ಲೇ ತೂತು. ವಾಲ್ವಿನ ಕೆಳಮುಚ್ಚಳದಿಂದ ನಾಲ್ಕಾರು ಗುಳ್ಳೆ ಬಂದರೆ ಗಾಬರಿ ಬೇಡ, ಅದು ಇದ್ದದ್ದೇ. ಕೊಳವೆಯ ನಡುವಿನಿಂದ, ಜೋಡಣೆಯಿಂದ, ನೀರು ಬಿಡುವ ಕೀಯಿಂದ ಬಂದರೆ ಮಾತ್ರ ಗುರುತು ಹಾಕಿಕೊಳ್ಳಿ.

ವಾಲ್ವ್ ಸವೆದಿದೆಯಾ ನೋಡಲು ಇನ್ನೊಂದು ಉಪಾಯವಿದೆ. ಮೊದಲನೇ ವಾಲ್ವನ್ನು ಒತ್ತದೆ ಅದರ ಸ್ಲೈಡ್ ಅನ್ನು ಒಂದಿಂಚು ಹೊರಗೆ ಎಳೆಯಿರಿ. ಮೂರು ಸೆಕೆಂಡ್ ಬಿಟ್ಟು ವಾಲ್ವ್ ಒತ್ತಿ. "ಟಪ್" ಅಂದರೆ ಒಳಗೆ ಗಾಳಿ ಬಿಗಿಯಾಗಿತ್ತು, ಪಿಸ್ಟನ್ ಚೆನ್ನಾಗಿದೆ ಅಂತ ಅರ್ಥ. ಸದ್ದೇ ಇಲ್ಲವೆಂದರೆ ಎಣ್ಣೆ ಒಣಗಿದೆ, ಇಲ್ಲವೇ ಪಿಸ್ಟನ್ ಸವೆದಿದೆ. ಎಣ್ಣೆ ಹಾಕಿ ಮತ್ತೆ ನೋಡಿ.

ಸ್ನಾನ

ಬಹಳ ಸಲ ರಿಪೇರಿ ಇಲ್ಲಿಗೇ ಮುಗಿಯುತ್ತದೆ. ಮಕ್ಕಳು ತಿಂಡಿ ತಿಂದ ಬಾಯಲ್ಲೇ ಊದುತ್ತಾರೆ. ಉಪ್ಪಿಟ್ಟಿನ ಜಿಡ್ಡು, ಎಂಜಲು, ಧೂಳು ಎಲ್ಲ ಸೇರಿ ಕೊಳವೆಯೊಳಗೆ ಹಸಿರು ಪಾಚಿಯಂಥ ಪದರ ಕಟ್ಟುತ್ತದೆ.

ಪಿಸ್ಟನ್‌ಗಳನ್ನು ಒಂದೊಂದಾಗಿ ಮೇಲಿನ ಮುಚ್ಚಳ ತಿರುಗಿಸಿ, ನೇರವಾಗಿ ಎಳೆದು ತೆಗೆಯಿರಿ. 1, 2, 3 ಅಂತ ಅದರ ಮೇಲೇ ಕೊರೆದಿರುತ್ತಾರೆ. ಅದೇ ಕ್ರಮದಲ್ಲಿ ಟವೆಲ್ ಮೇಲಿಡಿ. ಕೆಳಗಿನ ಮುಚ್ಚಳ, ಸ್ಪ್ರಿಂಗ್, ಸ್ಲೈಡ್ ಎಲ್ಲ ಬಿಚ್ಚಿ. ಯಾವುದಾದರೂ ಬಿಚ್ಚಲು ಬರದಿದ್ದರೆ ಬಲವಂತ ಮಾಡಬೇಡಿ, ಹಾಗೇ ಬಿಟ್ಟು ತೊಳೆಯಿರಿ.

ಟಬ್‌ಗೆ ಉಗುರು ಬೆಚ್ಚಗಿನ ನೀರು ಬಿಟ್ಟು ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಚಮಚ ಹಾಕಿ. ಕುದಿಯುವ ನೀರು ಬೇಡ, ಹೊರಗಿನ ಲ್ಯಾಕರ್ (ಹೊಳಪಿನ ವಾರ್ನಿಷ್) ಪದರ ಎದ್ದುಬರುತ್ತದೆ. ಅರ್ಧ ಗಂಟೆ ನೆನೆಸಿ. ಆಮೇಲೆ ಉದ್ದನೆಯ ಬಳುಕುವ ಬ್ರಷ್‌ನಿಂದ ಕೊಳವೆಗಳನ್ನು ಉಜ್ಜಿ. ವಾದ್ಯದ ಅಂಗಡಿಯಲ್ಲಿ ಇದನ್ನು ಸ್ನೇಕ್ ಬ್ರಷ್ ಅನ್ನುತ್ತಾರೆ. ಅದು ಸಿಗದಿದ್ದರೆ ಗಟ್ಟಿ ದಾರಕ್ಕೆ ಬಟ್ಟೆ ತುಂಡು ಕಟ್ಟಿ ಎಳೆಯಿರಿ. ಬಟ್ಟೆ ಚಿಕ್ಕದಿರಲಿ, ದೊಡ್ಡದಾದರೆ ಒಳಗೇ ಸಿಕ್ಕಿ ಇನ್ನೊಂದು ರಿಪೇರಿ. ಬರಿ ತಂತಿ ತೂರಿಸಬೇಡಿ.

ಪಿಸ್ಟನ್‌ಗಳನ್ನು ಟಬ್‌ಗೆ ಹಾಕಬೇಡಿ. ಕೈಯಲ್ಲಿ ಹಿಡಿದು ಕೆಳಭಾಗ ಮಾತ್ರ ತೊಳೆಯಿರಿ. ಮೇಲಿರುವ ಫೆಲ್ಟ್ ಉಂಗುರ ಒದ್ದೆಯಾದರೆ ಉಬ್ಬುತ್ತದೆ. ಫೆಲ್ಟಿನ ದಪ್ಪ ಬದಲಾದರೆ ಪಿಸ್ಟನ್ನಿನ ತೂತೂ ಕೊಳವೆಯ ತೂತೂ ಎದುರುಬದುರು ಬರುವುದಿಲ್ಲ.

ಇನ್ನು ಹುಣಸೆಹಣ್ಣಿನ ವಿಚಾರ. ಮನೆಯಲ್ಲಿ ಹಿತ್ತಾಳೆ ದೀಪ, ಬಿಂದಿಗೆ ಫಳಫಳ ಅನ್ನಿಸುವುದು ಹುಣಸೆಹಣ್ಣು ಅಥವಾ ಪೀತಾಂಬರಿ ಪುಡಿ ತಾನೇ? ಪ್ರತಿ ಶಾಲೆಯಲ್ಲೂ ಒಬ್ಬ ಉತ್ಸಾಹಿ ಆಯಾ ಅಥವಾ ಮೇಡಂ ಟ್ರಂಪೆಟ್‌ಗೂ ಅದನ್ನೇ ಹಾಕಿ ತಿಕ್ಕಿರುತ್ತಾರೆ. ಬಿಂದಿಗೆ ದಪ್ಪ ಹಿತ್ತಾಳೆ, ತಡೆದುಕೊಳ್ಳುತ್ತದೆ. ಟ್ರಂಪೆಟ್‌ನ ಗೋಡೆ ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್ ಅಷ್ಟೇ. ಅದರ ಮೇಲೆ ಲ್ಯಾಕರ್ ಅಥವಾ ನಿಕ್ಕೆಲ್, ಬೆಳ್ಳಿಯ ಲೇಪ ಬೇರೆ ಇರುತ್ತದೆ. ಲೇಪ ಇರುವ ವಾದ್ಯವನ್ನು ಪುಡಿ ಹಾಕಿ ತಿಕ್ಕಿದರೆ ಹೋಗುವುದು ಕೊಳೆಯಲ್ಲ, ಲೇಪ. ಹುಳಿ ಒಳಗೆ ಉಳಿದರೆ ಹಿತ್ತಾಳೆಯಲ್ಲಿರುವ ಸತುವನ್ನು ತಿನ್ನುತ್ತದೆ. ಸಾಮಾನ್ಯವಾಗಿ ಈ ಹಿತ್ತಾಳೆಯಲ್ಲಿ 70 ಪಾಲು ತಾಮ್ರ, 30 ಪಾಲು ಸತು. ಸತು ಹೋದ ಕಡೆ ತಾಮ್ರದ ಕೆಂಪು ಮಾತ್ರ ಉಳಿಯುತ್ತದೆ.

ಲ್ಯಾಕರ್ ಇದೆಯೋ ಇಲ್ಲವೋ ಗೊತ್ತಾಗುವುದು ಹೇಗೆ? ಬಿಳಿ ಬಟ್ಟೆಗೆ ಒಂದು ಚೂರು ಮೆಟಲ್ ಪಾಲಿಶ್ ಹಚ್ಚಿ ಕಾಣದ ಜಾಗದಲ್ಲಿ ಉಜ್ಜಿ ನೋಡಿ. ಬಟ್ಟೆ ಕಪ್ಪಾದರೆ ಲ್ಯಾಕರ್ ಇಲ್ಲ, ಪಾಲಿಶ್ ಮಾಡಬಹುದು. ಬಟ್ಟೆ ಬೆಳ್ಳಗೇ ಇದ್ದರೆ ಲ್ಯಾಕರ್ ಇದೆ, ಒದ್ದೆ ಬಟ್ಟೆಯಲ್ಲಿ ಒರೆಸಿ ಬಿಟ್ಟುಬಿಡಿ.

ತೊಳೆದ ಮೇಲೆ ಮೌತ್‌ಪೀಸ್ ಹಾಕುವ ಮೊದಲ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿ. ಅದಕ್ಕೆ ಲೀಡ್‌ಪೈಪ್ ಅನ್ನುತ್ತಾರೆ. (ಸೀಸದ ಪೈಪಲ್ಲ, ಮುಂದೆ ನಡೆಸಿಕೊಂಡು ಹೋಗುವ ಪೈಪು!) ಅದರ ಮೇಲೆ ಗುಲಾಬಿ ಬಣ್ಣದ ಚುಕ್ಕೆಗಳಿವೆಯಾ? ನಡುವೆ ಕಪ್ಪು ಬೊಟ್ಟು ಇದೆಯಾ? ಹಸಿರು ಕಿಲುಬು ತೊಳೆದರೆ ಹೋಗುತ್ತದೆ. ಈ ಗುಲಾಬಿ ಚುಕ್ಕೆ ಹೋಗುವುದಿಲ್ಲ. ಎಂಜಲಿನಿಂದ ಒಳಗಿನಿಂದಲೇ ಸತು ಕರಗಿ, ಕೊಳವೆ ತೆಳುವಾಗಿ, ಹೊರಗೆ ಕಾಣಿಸಿಕೊಂಡಿದೆ ಅಂತ ಅರ್ಥ. ಆ ಕೊಳವೆಯನ್ನೇ ಬದಲಿಸಬೇಕು, ಅದು ರಿಪೇರಿಯವರ ಕೆಲಸ.

ವಾಲ್ವಿಗೆ ಎಂಥ ಎಣ್ಣೆ?

ಕೊಬ್ಬರಿ ಎಣ್ಣೆ ಬೇಡ. ಇದನ್ನು ದಪ್ಪ ಅಕ್ಷರದಲ್ಲಿ ಬರೆದು ಬೀರುವಿಗೆ ಅಂಟಿಸಬೇಕು ಅನ್ನಿಸುತ್ತದೆ ನನಗೆ. ಆಗಸ್ಟ್‌ನ ಮಧ್ಯಾಹ್ನ ಕೊಬ್ಬರಿ ಎಣ್ಣೆ ಹಾಕಿದರೆ ವಾಲ್ವ್ ಬೆಣ್ಣೆಯ ಹಾಗೆ ಓಡುತ್ತದೆ, ಎಲ್ಲರಿಗೂ ಖುಷಿ. ಆದರೆ ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಜನವರಿ 26ರ ಬೆಳಗ್ಗೆ ಏಳೂವರೆಗೆ ಬೆಂಗಳೂರಿನಲ್ಲೋ ಹಾಸನದಲ್ಲೋ ಮೈದಾನದಲ್ಲಿ ನಿಂತಾಗ ಅಷ್ಟು ಬಿಸಿ ಎಲ್ಲಿರುತ್ತದೆ? ಬಚ್ಚಲುಮನೆಯ ಬಾಟಲಿಯಲ್ಲಿ ಎಣ್ಣೆ ಬೆಳ್ಳಗಾಗಿರುವುದನ್ನು ನೋಡಿಯೇ ಮಕ್ಕಳು ಶಾಲೆಗೆ ಬಂದಿರುತ್ತಾರೆ. ಅದೇ ವಾಲ್ವಿನೊಳಗೂ ಆಗುತ್ತದೆ.

ಪಿಸ್ಟನ್ನಿಗೂ ಅದರ ಕೊಳವೆಗೂ ನಡುವಿನ ಸಂದು ತಲೆಗೂದಲ ದಪ್ಪಕ್ಕಿಂತ ಕಡಿಮೆ. ಮಂದ ಎಣ್ಣೆಗೆ ಅಲ್ಲಿ ಜಾಗವೇ ಇಲ್ಲ. ವಾದ್ಯದ ಅಂಗಡಿಯಲ್ಲಿ ಸಿಗುವ ವಾಲ್ವ್ ಆಯಿಲ್ ನೀರಿನಷ್ಟು ತೆಳುವಾಗಿರುತ್ತದೆ. ಒಂದು ಚಿಕ್ಕ ಬಾಟಲಿ ಇಡೀ ಬ್ಯಾಂಡಿಗೆ ಒಂದು ವರ್ಷ ಬರುತ್ತದೆ. ಸಿಗಲೇ ಇಲ್ಲ ಅಂದರೆ ಹೊಲಿಗೆ ಮೆಷಿನ್ ಎಣ್ಣೆ ಒಂದು ದಿನದ ತುರ್ತಿಗೆ ಆದೀತು. ಅಡುಗೆ ಎಣ್ಣೆ, ಗ್ರೀಸು, ಬೈಕಿನ ಆಯಿಲ್ ಯಾವುದೂ ಬೇಡ.

ಹಾಕುವ ಕ್ರಮ ಹೀಗೆ. ಪಿಸ್ಟನ್ ಮತ್ತು ಕೊಳವೆಯ ಒಳಭಾಗ ಎರಡನ್ನೂ ನೂಲು ಬಿಡದ ಬಟ್ಟೆಯಲ್ಲಿ ಒರೆಸಿ. ಪಿಸ್ಟನ್ನಿನ ಮೇಲೆ ಮೂರ್ನಾಲ್ಕು ಹನಿ ಬಿಟ್ಟು ತಿರುಗಿಸುತ್ತಾ ಹರಡಿ. ನಂಬರ್ ನೋಡಿಕೊಂಡು ಅದರದೇ ಕೊಳವೆಗೆ ಇಳಿಸಿ. ಮೌತ್‌ಪೀಸ್ ಕಡೆಯಿಂದ ಎಣಿಸಿದರೆ 1, 2, 3. ಈಗ ಮೆಲ್ಲಗೆ ತಿರುಗಿಸಿ. ಒಂದು ಜಾಗದಲ್ಲಿ "ಟಿಕ್" ಅಂತ ಕೂರುತ್ತದೆ. ಬೆರಳಿಗೆ ಗೊತ್ತಾಗುತ್ತದೆ. ಆಮೇಲೇ ಮುಚ್ಚಳ ಬಿಗಿ ಮಾಡಿ. ಈ "ಟಿಕ್" ಬರದೆ ಮುಚ್ಚಳ ಹಾಕಿದರೆ ಊದಿದ ಗಾಳಿ ಗೋಡೆಗೆ ಬಡಿದ ಹಾಗೆ ವಾಪಸ್ ಬರುತ್ತದೆ. ಪೂರ್ತಿ ಕೆಟ್ಟಿದೆ ಅಂತ ನನ್ನ ಕೈಗೆ ಬಂದ ವಾದ್ಯಗಳಲ್ಲಿ ಬಹಳಷ್ಟಕ್ಕೆ ಇಷ್ಟೇ ಕಾಯಿಲೆ.

ಎಣ್ಣೆ ಹಾಕಿಯೂ ಪಿಸ್ಟನ್ ಉಜ್ಜುತ್ತಿದ್ದರೆ ಉಪ್ಪುಕಾಗದ ಹಿಡಿಯಬೇಡಿ. ಒಮ್ಮೆ ಉಜ್ಜಿ ಸವೆಸಿದರೆ ಆ ಸಂದು ಮತ್ತೆ ಕೂಡುವುದಿಲ್ಲ, ಮುಂದೆ ಆ ವಾಲ್ವ್ ಸದಾ ಸೋರುತ್ತದೆ. ಪಿಸ್ಟನ್ ಒಳಗೇ ಕಚ್ಚಿಕೊಂಡಿದ್ದರೆ ಮೇಲಿನ, ಕೆಳಗಿನ ಮುಚ್ಚಳ ಎರಡೂ ಬಿಚ್ಚಿ, ಸುತ್ತ ಎಣ್ಣೆ ಬಿಟ್ಟು ಒಂದು ರಾತ್ರಿ ಇಡಿ. ಬೆಳಗ್ಗೆ ಮರದ ಕಡ್ಡಿಗೆ ಬಟ್ಟೆ ಸುತ್ತಿ ಕೆಳಗಿನಿಂದ ಮೆತ್ತಗೆ ತಳ್ಳಿ. ಬಂದರೆ ಸರಿ, ಇಲ್ಲವಾದರೆ ಅಲ್ಲಿಗೆ ನಿಲ್ಲಿಸಿ.

ಕಚ್ಚಿಕೊಂಡ ಮೌತ್‌ಪೀಸ್

ಈಗ ನನ್ನ ಕಥೆ. ಕೆಲಸಕ್ಕೆ ಸೇರಿದ ಮೊದಲ ಜನವರಿ. ಪೆರೇಡಿಗೆ ಎರಡೇ ದಿನ ಬಾಕಿ. ಒಂದು ಟ್ರಂಪೆಟ್ಟಿನ ಮೌತ್‌ಪೀಸ್ ಬರುತ್ತಿಲ್ಲ. ಹುಡುಗ ಎಳೆದ, ನಾನು ಎಳೆದೆ, ನಮ್ಮ ಅಟೆಂಡರ್ ಎಳೆದ. ಕೊನೆಗೆ ನಾನು ಕಟಿಂಗ್ ಪ್ಲೇಯರ್ ತಂದೆ. ಅಟೆಂಡರ್ ಬೆಲ್ ಹಿಡಿದುಕೊಂಡ. ನಾನು ಮೌತ್‌ಪೀಸನ್ನು ಪ್ಲೇಯರ್‌ನಲ್ಲಿ ಕಚ್ಚಿಸಿ ತಿರುಗಿಸಿದೆ. "ಕಟಕ್" ಅಂತು. ಬಂತು ಅಂದುಕೊಂಡೆ. ಮೌತ್‌ಪೀಸ್ ಅಲ್ಲೇ ಇತ್ತು. ಬಿಟ್ಟುಕೊಂಡಿದ್ದು ಲೀಡ್‌ಪೈಪನ್ನು ಬೆಲ್‌ಗೆ ಹಿಡಿದಿಟ್ಟಿದ್ದ ಬೆಸುಗೆ. ಪೈಪೇ ಒದ್ದೆ ಬಟ್ಟೆ ಹಿಂಡಿದ ಹಾಗೆ ಒಂದು ಸುತ್ತು ತಿರುಚಿಕೊಂಡಿತ್ತು. ಮೌತ್‌ಪೀಸಿನ ಅಂಚಿನಲ್ಲಿ ಪ್ಲೇಯರ್ ಹಲ್ಲಿನ ಗುರುತು ಬೇರೆ. ಆ ಅಂಚು ಯಾವ ಮಗುವಿನ ತುಟಿಗೂ ಇನ್ನು ಆಗುವುದಿಲ್ಲ.

ಇಷ್ಟಕ್ಕೂ ಅದು ಕಚ್ಚಿಕೊಳ್ಳುವುದು ಯಾಕೆ? ಮೌತ್‌ಪೀಸಿನ ಬಾಲ ಸ್ವಲ್ಪ ಚೂಪಾಗುತ್ತಾ ಹೋಗುತ್ತದೆ, ಅದು ಹೊಕ್ಕುವ ಕೊಳವೆಯೂ ಅದಕ್ಕೆ ಸರಿಯಾಗಿ ಕಿರಿದಾಗುತ್ತದೆ. ಒತ್ತಿದಷ್ಟೂ ಬೆಣೆಯ ಹಾಗೆ ಬಿಗಿ. ಮಕ್ಕಳಿಗೆ ಮೌತ್‌ಪೀಸ್ ಹಾಕಿ ಅಂಗೈಯಿಂದ "ಪಟ್" ಅಂತ ಹೊಡೆಯುವುದು ಒಂದು ಆಟ. ಆ ಸದ್ದು ಚೆನ್ನಾಗಿರುತ್ತದೆ ಅನ್ನುವುದು ಬೇರೆ ಮಾತು. ವಾದ್ಯ ಬಿದ್ದಾಗಲೂ ಹೀಗೇ ಆಗುತ್ತದೆ.

ಬಿಡಿಸುವ ಕ್ರಮ ಇದು. ಒಂದು ಹಂತ ಫಲ ಕೊಡದಿದ್ದರೆ ಮಾತ್ರ ಮುಂದಿನದಕ್ಕೆ ಹೋಗಿ.

1. ಮೌತ್‌ಪೀಸ್ ಕೊಳವೆಗೆ ಸೇರುವ ಗೆರೆಯಲ್ಲಿ ಸುತ್ತಲೂ ತೆಳು ಎಣ್ಣೆ ಬಿಡಿ. ಮೌತ್‌ಪೀಸ್ ಮೇಲಾಗಿ ನಿಲ್ಲಿಸಿ ಒಂದು ರಾತ್ರಿ ಇಡಿ.

2. ಬೆಳಗ್ಗೆ ಮೌತ್‌ಪೀಸಿನ ಬಟ್ಟಲಿಗೆ ಐಸ್ ತುಂಡು ಹಾಕಿ. ಅದೇ ಹೊತ್ತಿಗೆ ಹೊರಗಿನ ಕೊಳವೆಗೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಸುತ್ತಿ. ಒಳಗಿನದು ಕುಗ್ಗುತ್ತದೆ, ಹೊರಗಿನದು ಹಿಗ್ಗುತ್ತದೆ. ಒಂದು ನಿಮಿಷ ಬಿಟ್ಟು ಬಟ್ಟೆ ಹಿಡಿದು ಕೈಯಲ್ಲೇ ಸ್ವಲ್ಪ ತಿರುಗಿಸುತ್ತಾ ಎಳೆಯಿರಿ. ಇನ್ನೊಂದು ಕೈ ಮೌತ್‌ಪೀಸ್ ಹೊಕ್ಕುವ ಆ ದಪ್ಪ ಉಂಗುರದ ಮೇಲೇ ಇರಬೇಕು. ಬೆಲ್ ಹಿಡಿಯಬಾರದು.

3. ಆ ಉಂಗುರದ ಮೇಲೆ ಮರದ ಚಿಕ್ಕ ಕೊಡತಿಯಿಂದ ಸುತ್ತಲೂ ತಟ್ಟಿ. ಬಾಗಿಲು ತಟ್ಟುವುದಕ್ಕಿಂತ ಮೆತ್ತಗೆ. ಈ ಕಂಪನಕ್ಕೇ ಬಹಳ ಸಲ ಬಿಡುತ್ತದೆ.

4. ಇಷ್ಟಕ್ಕೂ ಬರದಿದ್ದರೆ ಮೌತ್‌ಪೀಸ್ ಪುಲ್ಲರ್ ಬೇಕು. ಬೈಕ್ ಮೆಕ್ಯಾನಿಕ್ ಹತ್ತಿರ ಗೇರ್ ಎಳೆಯುವ ಪುಲ್ಲರ್ ನೋಡಿದ್ದೀರಲ್ಲ, ಅದರ ತಮ್ಮ ಇದು. ಎರಡು ಕಡೆ ಸ್ಕ್ರೂ ತಿರುಗಿಸಿದರೆ ಮೌತ್‌ಪೀಸನ್ನು ನೇರವಾಗಿ ಹಿಂದಕ್ಕೆ ತಳ್ಳುತ್ತದೆ, ತಿರುಚುವುದಿಲ್ಲ. ಬ್ಯಾಂಡ್ ಇರುವ ಶಾಲೆ ಒಂದೇ ಒಂದು ಸಾಮಾನು ಕೊಳ್ಳಬೇಕು ಅಂದರೆ ಇದನ್ನು ಕೊಳ್ಳಲಿ. ಅಕ್ಕಪಕ್ಕದ ಮೂರು ಶಾಲೆ ಸೇರಿ ಒಂದು ತಂದರೂ ಸಾಕು.

ಹೊರಗೆ ಬಂದ ಮೇಲೆ ಮೌತ್‌ಪೀಸಿನ ಬಾಲದ ತುದಿ ನೋಡಿ. ಗುಂಡಗಿಲ್ಲದೆ ಮೊಟ್ಟೆಯಾಕಾರ ಆಗಿದ್ದರೆ ಗಾಳಿ ಅಲ್ಲೇ ಅಡ್ಡಿಯಾಗುತ್ತದೆ. ಚೂಪು ಮೂತಿಯ ನಯವಾದ ಲೋಹದ ಕಡ್ಡಿ ತೂರಿಸಿ ಸುತ್ತುತ್ತಾ ನಿಧಾನ ಗುಂಡಗೆ ಮಾಡಬಹುದು. ಇದು ಕೈಗೆ ಬೇಗ ಒಗ್ಗುತ್ತದೆ.

ಸ್ಲೈಡ್ ಮತ್ತು ನೀರಿನ ಕೀ

ಸ್ಲೈಡ್ ಬರುತ್ತಿಲ್ಲವಾದರೆ ಅದೇ ಕ್ರಮ: ಎಣ್ಣೆ, ರಾತ್ರಿ, ಬಿಸಿನೀರು. ಎಳೆಯುವಾಗ ಆ ಸ್ಲೈಡಿನ ವಾಲ್ವನ್ನು ಒತ್ತಿ ಹಿಡಿಯಿರಿ. ಇಲ್ಲದಿದ್ದರೆ ಒಳಗೆ ನಿರ್ವಾತ ಆಗಿ ಅದು ನಿಮ್ಮನ್ನೇ ವಾಪಸ್ ಎಳೆಯುತ್ತದೆ. ಬಾಗಿದ ಭಾಗದೊಳಗೆ ಗಟ್ಟಿ ಟವೆಲ್ ತೂರಿಸಿ, ಎರಡೂ ತುದಿ ಹಿಡಿದು, ನೇರವಾಗಿ ಜಗ್ಗಿ. ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ಬಂದ ಮೇಲೆ ಒರೆಸಿ ಸ್ಲೈಡ್ ಗ್ರೀಸ್ ಹಚ್ಚಿ. ವ್ಯಾಸಲಿನ್ ಕೂಡ ಇಲ್ಲಿ ನಡೆಯುತ್ತದೆ. ವಾಲ್ವಿಗೆ ಮಾತ್ರ ತಾಗಬಾರದು.

ಎಂಜಲು ನೀರು ಬಿಡುವ ಕೀಯ ಕೆಳಗೆ ಪುಟ್ಟ ಕಾರ್ಕ್ ಇರುತ್ತದೆ. ಅದು ಪುಡಿಯಾದರೆ ಇಡೀ ವಾದ್ಯ ಸೋರುತ್ತದೆ, ಮಗು ಮುಖ ಕೆಂಪಗೆ ಮಾಡಿಕೊಂಡು ಊದಿದರೂ ಸ್ವರ ಬರುವುದಿಲ್ಲ. ಬಾಟಲಿಯ ಕಾರ್ಕನ್ನು ಬ್ಲೇಡಿನಿಂದ ಅದೇ ಅಳತೆಗೆ ಕತ್ತರಿಸಿ ಅಂಟಿಸಿ. ಕಾರ್ಕ್ ಇಲ್ಲದಿದ್ದರೆ ಸೈಕಲ್ ಟ್ಯೂಬಿನ ತುಂಡು ಒಂದು ಪೆರೇಡು ದಾಟಿಸುತ್ತದೆ. ಸ್ಪ್ರಿಂಗ್ ಮುರಿದಿದ್ದರೆ ರಬ್ಬರ್ ಬ್ಯಾಂಡ್.

ನೆಗ್ಗು

ಎಲ್ಲ ನೆಗ್ಗನ್ನೂ ತೆಗೆಯಬೇಕಾಗಿಲ್ಲ. ಬೆಲ್‌ನ ಅಗಲವಾದ ಕಡೆ ಒಂದೆರಡು ಗುಳಿ ಇದ್ದರೆ ನೋಡೋಕೆ ಕೆಟ್ಟದು, ಅಷ್ಟೇ. ಸ್ವರಕ್ಕೆ ಅಂಥ ತೊಂದರೆ ಇಲ್ಲ. ಕೊಳವೆ ಕಿರಿದಾಗಿರುವ ಕಡೆ, ಅದರಲ್ಲೂ ಲೀಡ್‌ಪೈಪಿನಲ್ಲಿ ಮತ್ತು ಅದರ ಮೊದಲ ತಿರುವಿನಲ್ಲಿ ಬಿದ್ದ ಚಿಕ್ಕ ನೆಗ್ಗೇ ಜಾಸ್ತಿ ಕಾಟ ಕೊಡುತ್ತದೆ. ಮ್ಯಾನೇಜ್‌ಮೆಂಟಿನವರಿಗೆ ಕಾಣುವುದು ಬೆಲ್ಲಿನ ನೆಗ್ಗು, ಊದುವ ಮಗುವಿಗೆ ಕಾಡುವುದು ಇದು. ದುಡ್ಡು ಇದಕ್ಕೆ ಖರ್ಚು ಮಾಡಿ.

ಕಿರಿದಾದ ಕೊಳವೆಯ ನೆಗ್ಗು ಶಾಲೆಯಲ್ಲಿ ತೆಗೆಯುವಂಥದ್ದಲ್ಲ. ರಿಪೇರಿಯವರು ಒಳಗೆ ಅಳತೆಗೆ ತಕ್ಕ ಉಕ್ಕಿನ ಗುಂಡು ತೂರಿಸಿ, ಹೊರಗಿನಿಂದ ತಟ್ಟುತ್ತಾ ಅಥವಾ ಉಜ್ಜುತ್ತಾ ಮೇಲೆತ್ತುತ್ತಾರೆ. ಕೆಲವರು ಹೊರಗಿನಿಂದ ಬಲವಾದ ಅಯಸ್ಕಾಂತ ಹಿಡಿದು ಒಳಗಿನ ಗುಂಡನ್ನು ಎಳೆದಾಡಿಸುತ್ತಾರೆ. ಹಿತ್ತಾಳೆಗೆ ಅಯಸ್ಕಾಂತ ಹಿಡಿಯುವುದಿಲ್ಲವಲ್ಲ, ಹಾಗಾಗಿ ಗುಂಡು ಮಾತ್ರ ಓಡುತ್ತದೆ. ಇದನ್ನು ಕೇಳಿ ನೀವು ಗ್ಯಾರೇಜಿನಿಂದ ಬೇರಿಂಗ್ ಗುಂಡು ತಂದು ಒಳಗೆ ಬಿಡಬೇಡಿ. ತಿರುವಿನಲ್ಲಿ ಸಿಕ್ಕಿಕೊಂಡರೆ ಅದನ್ನು ತೆಗೆಯಲು ವಾದ್ಯವನ್ನೇ ಬಿಚ್ಚಬೇಕಾದೀತು.

ನಿಮ್ಮಿಂದ ಆಗುವುದು ಮಡಚಿಕೊಂಡ ಬೆಲ್. ಟ್ರಂಪೆಟ್ ಮೂತಿ ಕೆಳಗಾಗಿ ಬಿದ್ದು, ಅಂಚು ಹಪ್ಪಳದ ಹಾಗೆ ಒಳಕ್ಕೆ ಮಡಚಿರುತ್ತದೆ. ಕುರ್ಚಿಯಲ್ಲಿ ಕೂತು ತೊಡೆಯ ಮೇಲೆ ದಪ್ಪ ಟವೆಲ್ ಹಾಕಿ ಬೆಲ್ ಇಟ್ಟುಕೊಳ್ಳಿ. ಎರಡೂ ಹೆಬ್ಬೆರಳು ಒಳಗೆ, ಉಳಿದ ಬೆರಳು ಹೊರಗೆ. ಮಡಿಕೆಯ ನಡುವೆ ಒತ್ತಬೇಡಿ. ಮಡಿಕೆ ಶುರುವಾಗುವ ತುದಿಯಿಂದ ಹಿಡಿದು ಕೂದಲೆಳೆಯಷ್ಟೇ ಬಿಡಿಸುತ್ತಾ ನಡುವಿಗೆ ಬನ್ನಿ, ಮತ್ತೆ ಇನ್ನೊಂದು ತುದಿಯಿಂದ ಬನ್ನಿ. ಅರ್ಧ ಗಂಟೆ ಹಿಡಿಯುತ್ತದೆ, ಹಿಡಿಯಲಿ. ಅಂಚಿನೊಳಗೆ ತಂತಿ ಸುತ್ತಿರುತ್ತಾರೆ, ಅದು ಗಟ್ಟಿ. ಅಂಚು ದಾರಿಗೆ ಬಂದರೆ ಉಳಿದದ್ದು ಹಿಂದೆಯೇ ಬರುತ್ತದೆ. ಆಮೇಲೆ ಉಳಿದ ಗೆರೆಗಳಿಗೆ ಲಟ್ಟಣಿಗೆ ತನ್ನಿ. ನಯವಾದ ಮರದ್ದು, ಬಿರುಕಿಲ್ಲದ್ದು. ಒಳಗಿನಿಂದ ಅದನ್ನು ಒತ್ತಿ ಉಜ್ಜುತ್ತಾ, ಹೊರಗಿನಿಂದ ಅಂಗೈ ಆಸರೆ ಕೊಡಿ. (ಮನೆಯ ಲಟ್ಟಣಿಗೆ ತರುವ ಮುಂಚೆ ಮನೆಯಲ್ಲಿ ಹೇಳಿ.)

ಕಬ್ಬಿಣದ ಸುತ್ತಿಗೆ ಮುಟ್ಟಬೇಡಿ. ಅದರ ಒಂದೊಂದು ಏಟಿಗೂ ಹಿತ್ತಾಳೆ ಆ ಜಾಗದಲ್ಲಿ ತೆಳುವಾಗಿ ಹಿಗ್ಗುತ್ತದೆ. ಹಿಗ್ಗಿದ್ದು ಮತ್ತೆ ಕುಗ್ಗುವುದಿಲ್ಲ, ಬೆಲ್ ಅಲೆ ಅಲೆಯಾಗುತ್ತದೆ. ಇನ್ನೊಂದು ವಿಷಯ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದರೆ ಏನಾಗುತ್ತದೆ? ಬಗ್ಗಿದ ಜಾಗ ಗಟ್ಟಿಯಾಗಿ ಪಟ್ಟನೆ ಮುರಿಯುತ್ತದೆ. ಹಿತ್ತಾಳೆಗೂ ಅದೇ ಗುಣ. ಒಮ್ಮೆ ಬಿಡಿಸಿದ್ದನ್ನು ನೂರಕ್ಕೆ ನೂರು ಸರಿಯಾಗಲಿ ಅಂತ ಮತ್ತೆ ಮತ್ತೆ ಬಗ್ಗಿಸಿದರೆ ಬಿರುಕು ಬಿಡುತ್ತದೆ. ತೊಂಬತ್ತು ಪಾಲು ಬಂದರೆ ಕೈ ತೊಳೆದುಕೊಳ್ಳಿ.

ಬೆಸುಗೆ

ಕೊಳವೆಗಳ ನಡುವೆ ಸಣ್ಣ ಆಸರೆ ಕಡ್ಡಿಗಳಿರುತ್ತವೆ, ಸ್ಟೇ ಅನ್ನುತ್ತಾರೆ. ಅದು ಬಿಟ್ಟುಕೊಂಡರೆ ಶಾಲೆಗಳಲ್ಲಿ ಆಗುವುದು ಎರಡು. ಒಂದು, ಎಂ-ಸೀಲ್ ಮೆತ್ತುತ್ತಾರೆ. ಅದು ನಲ್ಲಿಗೆ ಸರಿ, ಇಲ್ಲಿ ಒಂದು ವಾರಕ್ಕೆ ಕಿತ್ತು ಬರುತ್ತದೆ, ಮುಂದೆ ಬೆಸುಗೆ ಹಾಕುವವನಿಗೆ ಅದನ್ನು ಕೆರೆಯುವುದೇ ದೊಡ್ಡ ಕೆಲಸ. ಎರಡು, ಗೇಟು-ಗ್ರಿಲ್ ವೆಲ್ಡಿಂಗ್ ಅಂಗಡಿಗೆ ಒಯ್ಯುತ್ತಾರೆ. ನಮ್ಮ ಯೂಫೋನಿಯಂ ಒಂದಕ್ಕೆ ಹಾಗೇ ಆಯಿತು. ಬಿಟ್ಟಿದ್ದು ಕಡಲೆಕಾಳಿನಷ್ಟು ಜಾಗ, ಮರಳಿ ಬಂದಾಗ ಹೆಬ್ಬೆರಳು ತೂರುವ ತೂತು. ವೆಲ್ಡರ್ ತಪ್ಪಲ್ಲ ಅದು. ಅವನು ಕಬ್ಬಿಣ ಬಲ್ಲ, ಅರ್ಧ ಮಿಲಿಮೀಟರ್ ಹಿತ್ತಾಳೆ ಬೆಂಕಿಗೆ ಎಷ್ಟು ಹೊತ್ತು ತಡೆದೀತು?

ಇಲ್ಲಿ ಬೇಕಿರುವುದು ತವರದ ಬೆಸುಗೆ. ಹಿತ್ತಾಳೆ ಕರಗಲು 900 ಡಿಗ್ರಿ ದಾಟಬೇಕು. 60 ಪಾಲು ತವರ, 40 ಪಾಲು ಸೀಸದ ಬೆಸುಗೆ 190ರ ಒಳಗೇ ಕರಗುತ್ತದೆ. ಪುಟ್ಟ ಗ್ಯಾಸ್ ಟಾರ್ಚ್ ಸಾಕು. ಬೆಸುಗೆ ಹಾಕಿ ಅಭ್ಯಾಸ ಇರುವವರು ಮಾತ್ರ ಇದಕ್ಕೆ ಕೈ ಹಾಕಿ, ಮಕ್ಕಳು ಹತ್ತಿರ ಇರಬಾರದು, ಕಿಟಕಿ ತೆರೆದಿರಲಿ. ಬಾಯಿಗೆ ಹತ್ತಿರದ ಜಾಗಕ್ಕೆ ಸೀಸ ಇಲ್ಲದ ಬೆಸುಗೆಯನ್ನೇ ಬಳಸಿ.

ಪಿಸ್ಟನ್, ಕಾರ್ಕ್, ಫೆಲ್ಟ್ ಎಲ್ಲ ಮೊದಲು ತೆಗೆದಿಡಿ. ಕಡ್ಡಿಯ ಪಾದ ಮತ್ತು ಅದು ಕೂರುವ ಜಾಗ ಎರಡನ್ನೂ ನಯ ಉಪ್ಪುಕಾಗದದಿಂದ ಹೊಳೆಯುವವರೆಗೆ ಉಜ್ಜಿ. ಈಗ ಬೆಂಕಿ ಹಚ್ಚುವ ಮುಂಚೆ ಒಂದು ಪರೀಕ್ಷೆ: ಕಡ್ಡಿ ಒತ್ತಾಯವಿಲ್ಲದೆ ತಾನಾಗಿ ಜಾಗಕ್ಕೆ ಕೂರುತ್ತದೆಯಾ? ಕೈಯಿಂದ ಒತ್ತಿ ಹಿಡಿದರೆ ಮಾತ್ರ ಕೂರುತ್ತದೆ ಅಂದರೆ ಕೊಳವೆ ಸೊಟ್ಟಗಿದೆ. ಅದನ್ನು ನೇರ ಮಾಡದೆ ಬೆಸೆದರೆ ಇನ್ನೊಂದು ಪೆರೇಡಿಗೆ ಮತ್ತೆ ಬಿಡುತ್ತದೆ. ನಾನು ತಿರುಚಿದ್ದ ಆ ಟ್ರಂಪೆಟ್ಟಿನ ಬೆಸುಗೆ ಕಳೆದ ವರ್ಷ ಮತ್ತೆ ಬಿಟ್ಟಿದ್ದು ಇದೇ ಕಾರಣಕ್ಕೆ.

ಸರಿಯಾಗಿ ಕೂತರೆ ತೆಳು ತಂತಿಯಲ್ಲಿ ಕಟ್ಟಿ, ಫ್ಲಕ್ಸ್ (ಬೆಸುಗೆ ಹಿಡಿಯಲು ಹಚ್ಚುವ ಪೇಸ್ಟ್) ಹಚ್ಚಿ. ಅಕ್ಕಪಕ್ಕದ ಬೆಸುಗೆಗಳಿಗೆ ಒದ್ದೆ ಬಟ್ಟೆ ಸುತ್ತಿ, ಇಲ್ಲದಿದ್ದರೆ ಒಂದನ್ನು ಕೂಡಿಸುವಾಗ ಇನ್ನೊಂದು ಬಿಡುತ್ತದೆ. ಉರಿಯನ್ನು ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಾ ದಪ್ಪ ಭಾಗಕ್ಕೆ ಜಾಸ್ತಿ ಕೊಡಿ. ಬೆಸುಗೆ ಕಡ್ಡಿಯನ್ನು ಉರಿಗಲ್ಲ, ಉರಿಯ ಎದುರು ಬದಿಯಲ್ಲಿ ಲೋಹಕ್ಕೆ ಮುಟ್ಟಿಸಿ. ಬಿಸಿ ಸಾಕಾಗಿದ್ದರೆ ಅದು ನೀರಿನ ಹಾಗೆ ಸಂದಿಯೊಳಗೆ ತಾನೇ ಹರಿಯುತ್ತದೆ. ಉರಿ ತೆಗೆದು, ಹೊಳಪು ಮಂಕಾಗುವವರೆಗೆ ಅಲುಗಿಸಬೇಡಿ. ತಣ್ಣಗಾದ ಮೇಲೆ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆಯಿರಿ, ಫ್ಲಕ್ಸ್ ಉಳಿದರೆ ಅಲ್ಲೇ ಕಿಲುಬು ಹಿಡಿಯುತ್ತದೆ. ಸುತ್ತಲಿನ ಲ್ಯಾಕರ್ ಸುಟ್ಟು ಕಂದಾಗುತ್ತದೆ. ಅದಕ್ಕೆ ಏನೂ ಮಾಡಲು ಬರುವುದಿಲ್ಲ.

ಯಾರಿಗೆ ಕೊಡುವುದು?

ಊರಿನ ಮದುವೆ ಬ್ಯಾಂಡಿನವರನ್ನು ಕೇಳಿ. ಅವರ ಹೊಟ್ಟೆಪಾಡು ಈ ವಾದ್ಯಗಳ ಮೇಲೆ ನಿಂತಿದೆ, ಯಾರ ಕೈ ಒಳ್ಳೆಯದು ಅಂತ ಅವರಿಗೆ ಗೊತ್ತಿರುತ್ತದೆ. ಪಾತ್ರೆಗೆ ಕಲಾಯಿ ಹಾಕುವ ಹಳಬರು ಸಿಕ್ಕರೆ ಸ್ಟೇ ಬೆಸೆಯುವಂಥ ಚಿಕ್ಕ ಕೆಲಸ ಅವರಿಗೆ ಕೊಡಬಹುದು, ಹಿತ್ತಾಳೆ ಮತ್ತು ತವರದ ಗುಣ ಬಲ್ಲವರು ಅವರು. ವಾಲ್ವ್ ಕೆಲಸ ಮಾತ್ರ ಬೇಡ. ನಮ್ಮ ಶಾಲೆಗಳಲ್ಲಿರುವ ಬ್ಯಾಂಡ್ ಸೆಟ್‌ಗಳು ಬಹಳಷ್ಟು ಮೀರತ್‌ನಲ್ಲಿ ಆದವು. ಅಲ್ಲಿನ ಜಾಲಿ ಕೋಠಿ ಓಣಿ ಈ ಕಸುಬಿಗೇ ಹೆಸರಾದದ್ದು. ಪಿಸ್ಟನ್, ಸ್ಪ್ರಿಂಗ್, ಮುಚ್ಚಳ ಬೇಕಾದರೆ ಅಂಗಡಿಯವರಿಗೆ ವಾದ್ಯದ ಮೇಲೆ ಕೊರೆದಿರುವ ಹೆಸರಿನ ಫೋಟೋ ಕಳಿಸಿ. ಸುಮ್ನೆ "ಟ್ರಂಪೆಟ್ ಸ್ಪ್ರಿಂಗ್" ಅಂದರೆ ಬೇರೆ ಅಳತೆಯದು ಬರುತ್ತದೆ. ಕೊಡುವಾಗ ಚೀಟಿಯಲ್ಲಿ "ರಿಪೇರಿ ಮಾಡಿ" ಅಂತ ಬರೆಯಬೇಡಿ. "ಎರಡನೇ ವಾಲ್ವ್ ಕೆಳಗೆ ಹೋಗಿ ಮೇಲೆ ಬರುವುದಿಲ್ಲ, ಸ್ಲೈಡಿಗೆ ಪೆಟ್ಟು ಬಿದ್ದಿದೆ" ಅಂತ ಬರೆಯಿರಿ.

ಬ್ಯೂಗಲ್‌ಗೆ ವಾಲ್ವೇ ಇಲ್ಲ, ತೊಳೆದು ಮೌತ್‌ಪೀಸ್ ನೋಡಿಕೊಂಡರೆ ಮುಗಿಯಿತು. ಸೂಸಾಫೋನ್ ಇದ್ದರೆ ಬೆಲ್ಲನ್ನೂ ಕುತ್ತಿಗೆಯ ತುಂಡುಗಳನ್ನೂ ಹಿಡಿದಿಡುವ ತಿರುಪುಗಳನ್ನು ವರ್ಷಕ್ಕೆರಡು ಸಲ ಬಿಚ್ಚಿ ಎಣ್ಣೆ ಹಚ್ಚಿ, ಅವು ಹಿಡಿದುಕೊಂಡರೆ ಪೆಟ್ಟಿಗೆಗೆ ಹೋಗುವುದೇ ಇಲ್ಲ. ಮಂಗಳೂರು, ಉಡುಪಿ ಕಡೆಯವರಿಗೆ ಇನ್ನೊಂದು ಮಾತು: ಮಳೆಗಾಲದಲ್ಲಿ ತಿಂಗಳಿಗೊಮ್ಮೆಯಾದರೂ ಬೀರು ತೆಗೆದು ಒರೆಸಿ. ಆಗಸ್ಟ್‌ವರೆಗೆ ಕಾದರೆ ಎಲ್ಲ ಹಸಿರು.

ಪೆರೇಡಿನ ಬೆಳಗ್ಗೆ

ತಣ್ಣಗಿರುವ ವಾದ್ಯದ ಸ್ವರ ಕೆಳಗಿರುತ್ತದೆ. ಶ್ರುತಿ ಸೇರುತ್ತಿಲ್ಲ ಅಂತ ಸ್ಲೈಡ್ ಎಳೆದಾಡುವ ಮುಂಚೆ ಮಕ್ಕಳು ಐದು ನಿಮಿಷ ಬರಿ ಉಸಿರು ಊದಿ ಒಳಗೆ ಬೆಚ್ಚಗೆ ಮಾಡಲಿ. ಒಬ್ಬರ ಮೌತ್‌ಪೀಸ್ ಇನ್ನೊಬ್ಬರಿಗೆ ಕೊಡಬೇಡಿ. ನಿಮ್ಮ ಜೇಬಿನಲ್ಲಿ ವಾಲ್ವ್ ಆಯಿಲ್, ಹೆಚ್ಚುವರಿ ಮೌತ್‌ಪೀಸ್ ಒಂದು, ಚಿಕ್ಕ ಬಟ್ಟೆ, ಕಾರ್ಕಿನ ತುಂಡು, ರಬ್ಬರ್ ಬ್ಯಾಂಡ್ ಇರಲಿ. ರಬ್ಬರ್ ಬ್ಯಾಂಡ್ ಎರಡು ಸಾಲದು, ಆರು ಇಟ್ಟುಕೊಳ್ಳಿ. ನಾಲ್ಕು ಹೇಗೂ ಹೆಣ್ಣುಮಕ್ಕಳ ಜಡೆಗೆ ಹೋಗುತ್ತವೆ.